ಓದುಗರ ಪ್ರಶ್ನೆ, ವೈದ್ಯರ ಉತ್ತರ: ನಿಂತಲ್ಲೇ ಬವಳಿ ಬಂದು ಬಿದ್ದರೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ಸಾಲಿನಲ್ಲಿ ನಿಂತಿದ್ದವರು, ಸೂಜಿ ನೋಡಿದವರು, ರಾತ್ರಿ ಮೂತ್ರಕ್ಕೆ ಎದ್ದವರು ಇದ್ದಕ್ಕಿದ್ದಂತೆ ಎಚ್ಚರ ತಪ್ಪಿ ಬೀಳುವುದು. ಹೃದಯಕ್ಕಾಗಲಿ ಮಿದುಳಿಗಾಗಲಿ ಕಾಯಿಲೆ ಇಲ್ಲದೆ, ನರಗಳ ಪರಾವರ್ತಿತ ಪ್ರತಿಕ್ರಿಯೆಯಿಂದಲೇ ಆಗುವ ಈ ಬವಳಿಗೆ ವೈದ್ಯರು ರಿಫ್ಲೆಕ್ಸ್ ಸಿಂಕೊಪಿ ಅನ್ನುತ್ತಾರೆ. ಅದರಲ್ಲಿ ತೀರ ಸಾಮಾನ್ಯವಾದದ್ದು ವೇಸೊವೇಗಲ್ ಸಿಂಕೊಪಿ. ಪತ್ರಗಳಿಗೆ ಹೃದ್ರೋಗ ಮತ್ತು ನರರೋಗ ತಜ್ಞರು ಉತ್ತರಿಸಿದ್ದಾರೆ.

ಪ್ರಶ್ನೆ: ನನ್ನ ಮಗಳಿಗೆ 14 ವರ್ಷ. ಆಗಸ್ಟ್ 15ರಂದು ಶಾಲೆಯಲ್ಲಿ ಧ್ವಜಾರೋಹಣಕ್ಕೆ ಸಾಲಿನಲ್ಲಿ ನಿಂತಿದ್ದಾಗ ಬಿದ್ದಳು. ಕಣ್ಣು ಮೇಲಕ್ಕೆ ಹೋಗಿ ಕೈಕಾಲು ಅದುರಿತಂತೆ. ಇಬ್ಬರು ಹುಡುಗಿಯರು ಹಿಡಿದೆತ್ತಿ ಕುರ್ಚಿ ಮೇಲೆ ಕೂರಿಸಿದರು. ಕೂರಿಸಿದ ಮೇಲೂ ಒಂದಷ್ಟು ಹೊತ್ತು ಅದುರುತ್ತಲೇ ಇತ್ತಂತೆ. ಊರಲ್ಲೆಲ್ಲ ಫಿಟ್ಸ್ ಅಂತ ಮಾತಾಗಿದೆ. ಒಬ್ಬ ಡಾಕ್ಟರು ಮೂರ್ಛೆರೋಗದ ಮಾತ್ರೆ ಬರೆದು ಮೂರು ವರ್ಷ ಬಿಡಬಾರದು ಅಂದಿದ್ದಾರೆ. ಶುರು ಮಾಡಿ ಎರಡು ವಾರವಾಯಿತು. ಮುಂದುವರಿಸಬೇಕೇ?
— ಒಬ್ಬ ತಾಯಿ, ಸಾಗರ ತಾಲ್ಲೂಕು

ಉತ್ತರ: ಅಮ್ಮಾ, ಮೊದಲು ಒಂದು ಮಾತು: ಮಾತ್ರೆಯನ್ನು ನೀವಾಗಿಯೇ ತಟ್ಟನೆ ನಿಲ್ಲಿಸಬೇಡಿ. ಫಿಟ್ಸ್ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಅದರಿಂದಲೇ ಫಿಟ್ಸ್ ಬರಬಹುದು. ಆದರೆ ಇದೇ ವಾರ ನರರೋಗ ತಜ್ಞರ ಬಳಿ ಹೋಗಿ. ಬಿದ್ದಾಗ ಹತ್ತಿರದಲ್ಲಿ ನಿಂತು ನೋಡಿದ ಹುಡುಗಿಯನ್ನೂ ಕರೆದುಕೊಂಡು ಹೋಗಿ. ಸ್ಕ್ಯಾನಿಂಗಿಗಿಂತ ಅವಳ ಮಾತೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನೀವು ಬರೆದಿರುವ ವಿವರವನ್ನು ನೋಡಿದರೆ ಇದು ಮೂರ್ಛೆರೋಗಕ್ಕಿಂತ ಬವಳಿಯೇ ಆಗಿರುವ ಸಂಭವ ಹೆಚ್ಚು.

ಆದದ್ದು ಹೀಗಿರಬೇಕು. ನಾವು ಎದ್ದು ನಿಂತ ಕೂಡಲೇ 500ರಿಂದ 800 ಮಿ.ಲೀ. ರಕ್ತ ಕಾಲಿಗೂ ಹೊಟ್ಟೆಯ ಕೆಳಭಾಗಕ್ಕೂ ಇಳಿಯುತ್ತದೆ. ಕತ್ತಿನ ಮತ್ತು ಎದೆಯ ದೊಡ್ಡ ರಕ್ತನಾಳಗಳಲ್ಲಿ ಒತ್ತಡ ಅಳೆಯುವ ನರತುದಿಗಳಿವೆ. ಅವು ಇದನ್ನು ಗಮನಿಸಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ರಕ್ತನಾಳಗಳು ಬಿಗಿಯುತ್ತವೆ, ನಾಡಿ ಸ್ವಲ್ಪ ಜೋರಾಗುತ್ತದೆ, ನಮಗೆ ಏನೂ ಗೊತ್ತಾಗುವುದಿಲ್ಲ. ನಡೆಯುತ್ತಿದ್ದರೆ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ಹಿಂಡುತ್ತಿರುತ್ತವೆ. 'ಸಾವಧಾನ್' ಭಂಗಿಯಲ್ಲಿ ಅಲ್ಲಾಡದೆ ನಿಂತವರಿಗೆ ಆ ಸಹಾಯ ಇರುವುದಿಲ್ಲ. ಮೇಲೆ ಬಿಸಿಲು, ಬೆಳಿಗ್ಗೆ ತಿಂಡಿ ತಿಂದಿಲ್ಲ, ನೀರು ಕುಡಿದಿಲ್ಲ, ಮುಟ್ಟಿನ ದಿನವೂ ಆಗಿರಬಹುದು. ಒಂದು ಹಂತದಲ್ಲಿ ಈ ವ್ಯವಸ್ಥೆ ತಿರುವುಮುರುವಾಗಿ ಬಿಡುತ್ತದೆ. ಬಿಗಿಯಬೇಕಾದ ರಕ್ತನಾಳಗಳು ಸಡಿಲವಾಗುತ್ತವೆ, ಜೋರಾಗಬೇಕಾದ ನಾಡಿಯನ್ನು ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರ ನಿಧಾನ ಮಾಡುತ್ತದೆ. ಬಿಪಿ ಕುಸಿಯುತ್ತದೆ. ಮಿದುಳಿಗೆ ರಕ್ತ 6ರಿಂದ 8 ಸೆಕೆಂಡ್ ನಿಂತರೆ ಸಾಕು, ಎಚ್ಚರ ತಪ್ಪುತ್ತದೆ.

ಇನ್ನು ಕೈಕಾಲು ಅದುರಿದ ವಿಷಯ. ರಕ್ತ ಸಿಗದ ಮಿದುಳು ಯಾರದ್ದಾದರೂ ಅದುರುತ್ತದೆ. 1994ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನದಲ್ಲಿ ಆರೋಗ್ಯವಂತರನ್ನೇ ಬೇಕೆಂದು ಎಚ್ಚರ ತಪ್ಪಿಸಿ ವಿಡಿಯೊ ಮಾಡಿ ನೋಡಿದರು. ಪೂರ್ತಿ ಎಚ್ಚರ ತಪ್ಪಿದ 42 ಜನರಲ್ಲಿ ಸುಮಾರು ನೂರಕ್ಕೆ 90ರಷ್ಟು ಮಂದಿಗೆ ಕೈಕಾಲು ಅದುರಿತ್ತು. ಕಣ್ಣು ಮೇಲಕ್ಕೆ ಹೋಗುವುದೂ ಇದರಲ್ಲಿ ಸಾಮಾನ್ಯ. ಹಾಗಾದರೆ ವ್ಯತ್ಯಾಸ ತಿಳಿಯುವುದು ಹೇಗೆ? ಬವಳಿಯಲ್ಲಿ ಮೊದಲು ಮುಖ ಬಿಳಿಚಿಕೊಂಡು ಬೆವರುತ್ತದೆ, ಮೈ ಮೆತ್ತಗಾಗಿ ಕುಸಿಯುತ್ತದೆ, ಅದುರುವುದು ಆಮೇಲೆ. ಅದೂ ಲಯವಿಲ್ಲದೆ ಕೆಲವು ಸಲ ಮಾತ್ರ. ಎಣಿಸಿದರೆ ಹತ್ತಕ್ಕಿಂತ ಕಡಿಮೆ ಜಗ್ಗುಗಳಿದ್ದರೆ ಬವಳಿಯ ಕಡೆಗೂ, ಇಪ್ಪತ್ತಕ್ಕಿಂತ ಹೆಚ್ಚಿದ್ದರೆ ಫಿಟ್ಸ್ ಕಡೆಗೂ ತಜ್ಞರು ವಾಲುತ್ತಾರೆ. ಬವಳಿ ಬಂದವರಿಗೆ ಅರ್ಧ ನಿಮಿಷದೊಳಗೆ ಎಚ್ಚರವಾಗಿ ಎದುರಿಗಿರುವವರ ಗುರುತು ಹತ್ತುತ್ತದೆ, ಸುಸ್ತು ಮಾತ್ರ ದಿನವಿಡೀ ಇರಬಹುದು. ಫಿಟ್ಸ್‌ನಲ್ಲಿ ಮೈ ಮೊದಲು ಸೆಟೆದುಕೊಳ್ಳುತ್ತದೆ, ಮುಖ ನೀಲಿಯಾಗುತ್ತದೆ, ನಾಲಿಗೆಯ ಪಕ್ಕ ಕಚ್ಚಿ ಹೋಗುತ್ತದೆ, ಎಚ್ಚರವಾದ ಮೇಲೂ ಹತ್ತಿಪ್ಪತ್ತು ನಿಮಿಷ ಗೊಂದಲ ಇರುತ್ತದೆ. ಬಟ್ಟೆಯಲ್ಲಿ ಮೂತ್ರ ಹೋಗುವುದು ಎರಡರಲ್ಲೂ ಆಗಬಹುದು, ಅದನ್ನು ನೋಡಿ ತೀರ್ಮಾನ ಮಾಡಲಾಗದು.

ಕುರ್ಚಿಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಬಿದ್ದವಳು ನೆಲದ ಮೇಲೆ ಮಲಗಿದ್ದಷ್ಟು ಹೊತ್ತು ರಕ್ತ ತಾನಾಗಿಯೇ ತಲೆಗೆ ಹರಿಯುತ್ತಿತ್ತು. ಎತ್ತಿ ಕೂರಿಸಿದಾಗ ಆ ದಾರಿ ಮತ್ತೆ ಕಟ್ಟಿತು. ಅದಕ್ಕೇ ಅದುರುವುದು ಮುಂದುವರಿಯಿತು. ನೋಡಿದವರಿಗೆ ಅದು ಫಿಟ್ಸ್‌ನಂತೆಯೇ ಕಾಣಿಸುತ್ತದೆ. ಆಟೊದ ಹಿಂದಿನ ಸೀಟಿನಲ್ಲಿ ಇಬ್ಬರ ನಡುವೆ ಸಿಕ್ಕಿಸಿ, ತಲೆ ಒಂದು ಕಡೆ ಜೋತುಬಿದ್ದಂತೆಯೇ ಆಸ್ಪತ್ರೆಗೆ ಕರೆದೊಯ್ಯುತ್ತಾರಲ್ಲ, ಅಲ್ಲಿ ಆಗುವುದೂ ಇದೇ. ಸಣ್ಣ ಬವಳಿಯೊಂದು ಹೀಗೆ ದೊಡ್ಡದಾಗುತ್ತದೆ. ಕನ್ನಡದಲ್ಲಿ ಎಚ್ಚರ ತಪ್ಪುವುದಕ್ಕೂ ಮೂರ್ಛೆ, ಫಿಟ್ಸ್‌ಗೂ ಮೂರ್ಛೆ ಅನ್ನುತ್ತೇವೆ. ಈ ಒಂದು ಪದದಿಂದ ಎಷ್ಟೋ ಹೆಣ್ಣುಮಕ್ಕಳ ಮದುವೆ ಮಾತುಕತೆಯವರೆಗೂ ತೊಂದರೆ ಹಬ್ಬುತ್ತದೆ. ಅದಕ್ಕೇ ರೋಗನಿರ್ಣಯ ಸರಿಯಾಗಿ ಆಗಲೇಬೇಕು.

ಮಗಳಿಗೆ ಮಾಡಿಸಬೇಕಾದ ಪರೀಕ್ಷೆಗಳು ಹೆಚ್ಚಿಲ್ಲ. ಒಂದು ಇಸಿಜಿ ಕಡ್ಡಾಯ. ಮಲಗಿ 5 ನಿಮಿಷವಾದ ಮೇಲೆ ಬಿಪಿ, ನಿಂತು 1 ಮತ್ತು 3 ನಿಮಿಷಕ್ಕೆ ಬಿಪಿ. ಹಿಮೋಗ್ಲೋಬಿನ್. ಸಾಮಾನ್ಯ ಬವಳಿಗೆ ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ), ಎಂಆರ್‌ಐ ಬೇಕಿಲ್ಲ. ಯಾವ ಕಾಯಿಲೆಯೂ ಇಲ್ಲದ ಕೆಲವು ಮಕ್ಕಳ ಇಇಜಿಯಲ್ಲೂ ಸಣ್ಣಪುಟ್ಟ ಏರುಪೇರು ಕಾಣುತ್ತದೆ, ಅದನ್ನೇ ಹಿಡಿದುಕೊಂಡು ಮಾತ್ರೆ ಶುರುವಾಗುವುದುಂಟು.

ಆದರೆ ಇವುಗಳಲ್ಲಿ ಒಂದಿದ್ದರೂ ಹೃದ್ರೋಗ ತಜ್ಞರನ್ನು ತಡಮಾಡದೆ ಕಾಣಬೇಕು: ಓಡುವಾಗ ಅಥವಾ ಈಜುವಾಗ ಬಿದ್ದದ್ದು, ಮಲಗಿದ್ದಾಗಲೇ ಎಚ್ಚರ ತಪ್ಪಿದ್ದು, ಅಲಾರಂ ಶಬ್ದಕ್ಕೆ ಬೆಚ್ಚಿಬಿದ್ದು ಎಚ್ಚರ ತಪ್ಪಿದ್ದು, ಬೀಳುವ ಮೊದಲು ಎದೆ ಡವಡವ ಹೊಡೆದುಕೊಂಡದ್ದು ಅಥವಾ ಎದೆನೋವು, ಮನೆತನದಲ್ಲಿ 40 ವರ್ಷದೊಳಗೆ ಯಾರಾದರೂ ಹಠಾತ್ತನೆ ತೀರಿಕೊಂಡದ್ದು, ಇಸಿಜಿಯಲ್ಲಿ ದೋಷ. ಇವು ಹೃದಯದ ಲಯ ತಪ್ಪುವ ಕಾಯಿಲೆಗಳ ಗುರುತು. ಬವಳಿ ಅಂದುಕೊಂಡು ಸುಮ್ಮನಿರಬಾರದ ಸಂಗತಿಗಳು.

ಶಾಲೆಗೆ ಹೇಳಬೇಕಾದದ್ದು ಇಷ್ಟೇ. ಪ್ರಾರ್ಥನೆಗೆ ಮೊದಲು ತಿಂಡಿ ಆಗಿರಬೇಕು, ಎರಡು ಲೋಟ ನೀರು ಕುಡಿದಿರಬೇಕು. ಸಾಲಿನಲ್ಲಿ ನಿಂತಾಗ ಹಿಮ್ಮಡಿ ಎತ್ತಿ ಇಳಿಸುತ್ತಿರಲಿ. ಆಕಳಿಕೆ ಮೇಲೆ ಆಕಳಿಕೆ, ಹೊಟ್ಟೆ ತೊಳಸಿದಂತೆ, ಕಿವಿಯಲ್ಲಿ ಗುಂಯ್ ಅನ್ನುವುದು, ಕಣ್ಣಿನ ಅಂಚಿನಿಂದ ಕತ್ತಲೆ ಆವರಿಸುವುದು, ಇವುಗಳಲ್ಲಿ ಯಾವುದು ಶುರುವಾದರೂ ಯಾರ ಅಪ್ಪಣೆಗೂ ಕಾಯದೆ ಅಲ್ಲೇ ನೆಲಕ್ಕೆ ಕೂರಲಿ, ಸಾಧ್ಯವಾದರೆ ಮಲಗಲಿ. ಇದನ್ನು ಟೀಚರ್‌ಗೆ ಮೊದಲೇ ಹೇಳಿಟ್ಟಿರಿ. ಎಲ್ಲರೆದುರು ಕೂರಲು ನಾಚಿಕೊಂಡು ಇನ್ನೊಂದು ನಿಮಿಷ ತಡೆದುಕೊಂಡ ಮಕ್ಕಳೇ ಹಲ್ಲು ಮುರಿದುಕೊಳ್ಳುವುದು.

ಪ್ರಶ್ನೆ: ಬಿದ್ದವರ ಮೂಗಿಗೆ ಈರುಳ್ಳಿ ಹಿಡಿಯುವುದು, ಕೈಗೆ ಕಬ್ಬಿಣದ ಕೀ ಕೊಡುವುದರಿಂದ ಉಪಯೋಗ ಇದೆಯೇ?
— ಓದುಗರು, ಗದಗ

ಉತ್ತರ: ಇಲ್ಲ. ಎಚ್ಚರ ತಾನಾಗಿಯೇ ಬರುವ ಹೊತ್ತಿಗೆ ಕೀ ಕೈಯಲ್ಲಿರುತ್ತದೆ, ಅಷ್ಟೇ. ಅದನ್ನು ಹುಡುಕುವ ಹೊತ್ತಿನಲ್ಲಿ ಮಾಡಬೇಕಾದದ್ದು ಬೇರೆ ಇದೆ. ಅಂಗಾತ ಮಲಗಿಸಿ, ಕಾಲನ್ನು ಒಂದು ಅಡಿ ಎತ್ತರಕ್ಕೆ ಎತ್ತಿ ಹಿಡಿಯಿರಿ ಇಲ್ಲವೇ ಚೀಲದ ಮೇಲಿಡಿ. ತುಂಬು ಗರ್ಭಿಣಿಯಾದರೆ ಎಡಮಗ್ಗುಲಿಗೆ ಮಲಗಿಸಿ. ಕತ್ತಿನ ಗುಂಡಿ, ಸೊಂಟದ ಬಿಗಿ ಸಡಿಲಿಸಿ. ಸುತ್ತ ನಿಂತವರನ್ನು ದೂರ ಕಳಿಸಿ. ವಾಂತಿ ಬಂದರೆ ಪಕ್ಕಕ್ಕೆ ಹೊರಳಿಸಿ. ಲೋಟವನ್ನು ತಾವೇ ಹಿಡಿದುಕೊಳ್ಳುವಷ್ಟು ಎಚ್ಚರವಾಗುವ ತನಕ ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಇಳಿಯುತ್ತದೆ. ಎಚ್ಚರವಾದ ಮೇಲೂ 10ರಿಂದ 15 ನಿಮಿಷ ಮಲಗಿರಲಿ, ಆಮೇಲೆ ಕೂರಲಿ, ಆಮೇಲೆ ನಿಲ್ಲಲಿ. 'ಏನೂ ಆಗಿಲ್ಲ' ಅಂತ ತಟ್ಟನೆ ಎದ್ದವರು ಎರಡನೇ ಸಲ ಬೀಳುತ್ತಾರೆ, ಏಟಾಗುವುದು ಹೆಚ್ಚಾಗಿ ಆಗಲೇ. ಒಂದೆರಡು ನಿಮಿಷದಲ್ಲಿ ಎಚ್ಚರವಾಗದಿದ್ದರೆ 108ಕ್ಕೆ ಫೋನ್ ಮಾಡಿ. ಉಸಿರೇ ಇಲ್ಲದಿದ್ದರೆ ಕಾಯಬೇಡಿ, ಎದೆ ಒತ್ತಲು ಶುರುಮಾಡಿ.

ಪ್ರಶ್ನೆ: ವಯಸ್ಸು 28. ರಕ್ತ ಪರೀಕ್ಷೆಗೆ ಸೂಜಿ ಚುಚ್ಚಿದರೆ ಸಾಕು, ಎಚ್ಚರ ತಪ್ಪುತ್ತದೆ. ಮುಂದಿನ ತಿಂಗಳು ಹೆಂಡತಿಯ ಹೆರಿಗೆ. ಜೊತೆಗಿರಬೇಕು ಅಂತ ಆಸೆ ಇದೆ, ಧೈರ್ಯ ಇಲ್ಲ. ಯೋಗದ ವಿಶ್ರಾಂತಿ ಅಭ್ಯಾಸ ಮಾಡಿದರೆ ಸರಿಹೋಗುತ್ತದೆಯೇ?
— ಓದುಗರು, ಹುಬ್ಬಳ್ಳಿ

ಉತ್ತರ: ಬೇರೆ ಹೆದರಿಕೆಗಳಿಗೆ ವಿಶ್ರಾಂತಿ ಒಳ್ಳೆಯದು. ರಕ್ತ, ಸೂಜಿಯ ಹೆದರಿಕೆಯಲ್ಲಿ ಮಾತ್ರ ಅದು ತಿರುಗುಬಾಣ. ಜಿರಲೆಗೋ ಎತ್ತರಕ್ಕೋ ಹೆದರುವವರ ಬಿಪಿ ಏರಿಯೇ ಇರುತ್ತದೆ. ನಿಮ್ಮದು ಮೊದಲು ಏರಿ, ಮರುಕ್ಷಣ ದಬಕ್ಕನೆ ಇಳಿಯುತ್ತದೆ. ಆಗ ಮೈ ಸಡಿಲ ಬಿಟ್ಟರೆ ಇನ್ನಷ್ಟು ಇಳಿಯುತ್ತದೆ. ನಿಮಗೆ ಬೇಕಾದದ್ದು ಬಿಗಿಯುವ ವಿದ್ಯೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್ ಯೊರಾನ್ ಓಸ್ಟ್ 1980ರ ದಶಕದಲ್ಲಿ ರೂಪಿಸಿದ ಕ್ರಮ ಇದು, ಒಂದು ತಿಂಗಳು ಸಾಕು.

ಕುರ್ಚಿಯಲ್ಲಿ ಕೂತು ತೊಡೆ, ಪೃಷ್ಠ, ಹೊಟ್ಟೆ, ತೋಳು ಎಲ್ಲವನ್ನೂ ಒಟ್ಟಿಗೆ ಬಿಗಿಯಿರಿ. ಮುಖಕ್ಕೆ ಬಿಸಿ ಏರಿದಂತೆ ಅನಿಸುವ ತನಕ, ಅಂದರೆ 10ರಿಂದ 15 ಸೆಕೆಂಡ್ ಹಿಡಿಯಿರಿ. ಆಮೇಲೆ ಬಿಡಿ. ಪೂರ್ತಿ ಸಡಿಲ ಬಿಡುವುದಲ್ಲ, ಮೊದಲಿದ್ದ ಸ್ಥಿತಿಗೆ ಬನ್ನಿ, ಅಷ್ಟೇ. 20ರಿಂದ 30 ಸೆಕೆಂಡ್ ಕಳೆದು ಮತ್ತೆ ಬಿಗಿಯಿರಿ. ಹೀಗೆ ಐದು ಸಲ ಆದರೆ ಒಂದು ಸುತ್ತು, ದಿನಕ್ಕೆ ಐದು ಸುತ್ತು. ಹೆಚ್ಚಿನವರು ಮಾಡುವ ತಪ್ಪು ಒಂದೇ, ಬಿಗಿಯುವಾಗ ಉಸಿರು ಕಟ್ಟುವುದು. ಉಸಿರು ಕಟ್ಟಿ ಮುಕ್ಕಿದರೆ ಎದೆಯೊಳಗೆ ಒತ್ತಡ ಹೆಚ್ಚಿ ಹೃದಯಕ್ಕೆ ಮರಳುವ ರಕ್ತವೇ ಕಡಿಮೆಯಾಗುತ್ತದೆ. ಬಿಗಿಯುತ್ತಲೇ ಒಂದು, ಎರಡು, ಮೂರು ಅಂತ ಬಾಯಿಬಿಟ್ಟು ಎಣಿಸಿ, ಉಸಿರು ತಾನೇ ಆಡುತ್ತಿರುತ್ತದೆ. ತಲೆನೋವು ಬಂದರೆ ಬಿಗಿ ಸ್ವಲ್ಪ ಕಡಿಮೆ ಮಾಡಿ.

ವಾರ ಕಳೆದ ಮೇಲೆ ಸೂಜಿಯ ಚಿತ್ರ ನೋಡುತ್ತಾ ಬಿಗಿಯಿರಿ, ಆಮೇಲೆ ವಿಡಿಯೊ, ಆಮೇಲೆ ನಿಜವಾದ ಲ್ಯಾಬ್. ಅಲ್ಲಿ ಮೊದಲೇ ಹೇಳಿ ಮಲಗಿಯೇ ರಕ್ತ ಕೊಡಿ. ಚುಚ್ಚುವ ಕೈಯನ್ನು ಸಡಿಲ ಬಿಟ್ಟು ಎರಡು ಕಾಲು ಮತ್ತು ಇನ್ನೊಂದು ಕೈಯನ್ನು ಬಿಗಿಯಿರಿ, ಇಲ್ಲವಾದರೆ ನಾಳ ಸಿಗುವುದಿಲ್ಲ. ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕೆಂದರೂ ಬರೀ ನೀರು ಕುಡಿಯಲು ಸಾಮಾನ್ಯವಾಗಿ ಅಡ್ಡಿ ಇರುವುದಿಲ್ಲ, ಕೇಳಿಕೊಂಡು ಅರ್ಧ ಲೀಟರ್ ಕುಡಿದೇ ಹೋಗಿ. ಹೆರಿಗೆ ಕೋಣೆಯಲ್ಲಿ ಹೆಂಡತಿಯ ತಲೆಯ ಬದಿಗೆ ಸ್ಟೂಲ್ ಹಾಕಿಸಿಕೊಂಡು ಕೂತಿರಿ, ನಿಲ್ಲಬೇಡಿ. ತಲೆ ಹಗುರವಾದಂತೆ ಅನಿಸಿದರೆ ನರ್ಸ್‌ಗೆ ಹೇಳಿ ಅಲ್ಲೇ ನೆಲದ ಮೇಲೆ ಮಲಗಿ. ನೀವು ಖಂಡಿತ ಅವರ ಜೊತೆಗಿರಬಹುದು.

ಪ್ರಶ್ನೆ: ನಾನು ಸೀರೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ, 34 ವರ್ಷ. ಹತ್ತು ಗಂಟೆ ನಿಂತೇ ಇರಬೇಕು. ವರ್ಷಕ್ಕೆ ನಾಲ್ಕೈದು ಸಲ ಬೀಳುತ್ತೇನೆ. ಇಸಿಜಿ, ಎಕೊ ಎಲ್ಲ ಸರಿ ಇದೆ, ಬಿಪಿ 100/64. 'ನರ ವೀಕ್' ಅಂತ ವಿಟಮಿನ್ ಇಂಜೆಕ್ಷನ್ ಹಾಕಿಸಿಕೊಂಡೆ, ಪ್ರಯೋಜನವಾಗಲಿಲ್ಲ. ಉಪ್ಪು ಜಾಸ್ತಿ ತಿನ್ನಿ ಅನ್ನುತ್ತಾರೆ, ಎಷ್ಟು ಅಂತ ಯಾರೂ ಹೇಳುವುದಿಲ್ಲ. ಇದಕ್ಕೆ ಮಾತ್ರೆ ಇಲ್ಲವೇ?
— ಓದುಗರು, ದಾವಣಗೆರೆ

ಉತ್ತರ: ನಿಮ್ಮ ನರ ವೀಕ್ ಆಗಿಲ್ಲ. ಅದು ಕೆಲಸ ಮಾಡುತ್ತಿದೆ, ತಪ್ಪು ಹೊತ್ತಿನಲ್ಲಿ ತಪ್ಪು ಕಡೆಗೆ. ರಕ್ತದಲ್ಲಿ ಕೊರತೆ ಇದೆ ಅಂತ ಪರೀಕ್ಷೆಯಲ್ಲಿ ಕಂಡರೆ ಮಾತ್ರ ವಿಟಮಿನ್ ಬೇಕು, ಬವಳಿಗೆ ಅದು ಔಷಧವಲ್ಲ.

ನೀರು ಮತ್ತು ಉಪ್ಪಿನ ಲೆಕ್ಕ ಹೇಳುತ್ತೇವೆ. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ನೀರು. ಮೂತ್ರ ತಿಳಿಹಳದಿ ಇದ್ದರೆ ಸಾಕಾಗುತ್ತಿದೆ ಅಂತ ಅರ್ಥ. ಅದರಲ್ಲಿ ಎರಡು ದೊಡ್ಡ ಲೋಟ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಹೋಗಲಿ, ಇನ್ನೆರಡು ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ. ಅರ್ಧ ಲೀಟರ್ ನೀರನ್ನು ಗಟಗಟನೆ ಕುಡಿದರೆ ಕೆಲವೇ ನಿಮಿಷದಲ್ಲಿ ರಕ್ತನಾಳಗಳು ಬಿಗಿಯುತ್ತವೆ, ಗುಟುಕು ಗುಟುಕಾಗಿ ಕುಡಿದರೆ ಆ ಪರಿಣಾಮ ಸಿಗದು. ಹಬ್ಬದ ಸೀಸನ್ನಿನಲ್ಲಿ ಶೌಚಾಲಯಕ್ಕೆ ಬಿಡುವುದಿಲ್ಲ ಅಂತ ನೀರು ಬಿಡುವ ಅಕ್ಕಂದಿರು ಬಹಳ. ಬೀಳುವುದಕ್ಕೆ ಅದೇ ದೊಡ್ಡ ಕಾರಣವಾಗುತ್ತದೆ.

ಉಪ್ಪು, ಊಟ ತಿಂಡಿ ಎಲ್ಲ ಸೇರಿ ದಿನಕ್ಕೆ 6ರಿಂದ 9 ಗ್ರಾಂ. ಮಟ್ಟ ಮಾಡಿದ ಒಂದು ಟೀ ಚಮಚದಲ್ಲಿ ಸುಮಾರು 5ರಿಂದ 6 ಗ್ರಾಂ ಇರುತ್ತದೆ. ಉಪ್ಪಿನಕಾಯಿ, ಹಪ್ಪಳ, ಖಾರಾ ಮಂಡಕ್ಕಿ ದಿನವೂ ಇದ್ದರೆ ನಿಮಗೆ ಅಷ್ಟು ಈಗಾಗಲೇ ಸಿಗುತ್ತಿರಬಹುದು, ಆಗ ಹೆಚ್ಚಿಸಿ ಪ್ರಯೋಜನವಿಲ್ಲ. ಉಪ್ಪು ಕಡಿಮೆ ತಿನ್ನುವವರಾದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ದೊಡ್ಡ ಲೋಟ ಮಜ್ಜಿಗೆಗೆ ಕಾಲು ಟೀ ಚಮಚ ಉಪ್ಪು ಹಾಕಿಕೊಂಡು ಕುಡಿಯಿರಿ. ಬಿಪಿ, ಮೂತ್ರಪಿಂಡ ಅಥವಾ ಹೃದಯದ ಕಾಯಿಲೆ ಇರುವ ಬೇರೆ ಓದುಗರು ದಯವಿಟ್ಟು ಇದನ್ನು ಅನುಸರಿಸಬಾರದು, ಅವರಿಗೆ ಇದು ಹಾನಿ. ಏಕಾದಶಿ, ಶ್ರಾವಣ ಸೋಮವಾರದ ಉಪವಾಸವಿದ್ದರೆ ಅನ್ನ ಬಿಟ್ಟರೂ ನೀರು ಬಿಡಬೇಡಿ, ಅಂಥ ದಿನ ಗುಡಿಯ ಸರತಿ ಸಾಲಿನಲ್ಲಿ ನಿಲ್ಲಬೇಡಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಬೀಳುವ ಮೊದಲು ನಿಮಗೆ ಸುಳಿವು ಸಿಗುತ್ತದಲ್ಲ, ಬೆವರು, ತೊಳಸು, ಕಣ್ಣು ಮಂಜು? ಅದು ಅರ್ಧ ನಿಮಿಷ ಇರಬಹುದು, ಕೆಲವರಿಗೆ ಎರಡು ಮೂರು ನಿಮಿಷ. ಚಿಕಿತ್ಸೆ ಎಲ್ಲ ಇರುವುದು ಅಷ್ಟರೊಳಗೆ. ಸುಳಿವು ಕಂಡ ಕೂಡಲೇ ಒಂದು ಕಾಲಿನ ಮುಂದೆ ಇನ್ನೊಂದನ್ನು ಕತ್ತರಿಯಂತೆ ಇಟ್ಟು, ಎರಡು ತೊಡೆಗಳನ್ನೂ ಒಂದಕ್ಕೊಂದು ಒತ್ತಿ, ಪೃಷ್ಠ ಮತ್ತು ಹೊಟ್ಟೆ ಬಿಗಿಯಿರಿ. ಕೌಂಟರಿಗೆ ಒರಗಿ ನಿಂತರೆ ಬ್ಯಾಲೆನ್ಸ್ ತಪ್ಪುವುದಿಲ್ಲ. ಜೊತೆಗೆ ಎರಡೂ ಕೈಬೆರಳುಗಳನ್ನು ಕೊಕ್ಕೆಯಂತೆ ಸಿಕ್ಕಿಸಿ ಎದೆಯ ಮುಂದೆ ಜೋರಾಗಿ ಎಳೆಯಿರಿ. ಸೀರೆ ಉಟ್ಟಿದ್ದರೂ ಯಾರಿಗೂ ಗೊತ್ತಾಗದಂತೆ ಇದನ್ನು ಮಾಡಬಹುದು. 223 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬರೀ ಸಲಹೆ ಪಡೆದವರಲ್ಲಿ ನೂರಕ್ಕೆ 51 ಮಂದಿ ಮತ್ತೆ ಬಿದ್ದರು, ಈ ಬಿಗಿತ ಕಲಿತವರಲ್ಲಿ 32 ಮಂದಿ. ಇದಕ್ಕೂ ಮಣಿಯದಿದ್ದರೆ ಕುಕ್ಕರಗಾಲಿನಲ್ಲಿ ಕೂತುಬಿಡಿ. ಮಡಚಿದ ಕಾಲು, ಹೊಟ್ಟೆ ರಕ್ತವನ್ನು ಮೇಲಕ್ಕೆ ಹಿಂಡುತ್ತವೆ, ಬಿಪಿ ಕೂಡಲೇ ಏರುತ್ತದೆ. ಏಳುವಾಗ ಮಾತ್ರ ಎಚ್ಚರ, ಮತ್ತೆ ದಿಢೀರನೆ ಇಳಿಯುತ್ತದೆ. ತೊಡೆ ಬಿಗಿದುಕೊಂಡೇ ನಿಧಾನವಾಗಿ ಏಳಿ. ಇವನ್ನೆಲ್ಲ ಚೆನ್ನಾಗಿರುವ ದಿನಗಳಲ್ಲಿ ಅಭ್ಯಾಸ ಮಾಡಿರಬೇಕು, ಕಣ್ಣು ಕತ್ತಲಾದಾಗ ಹೊಸದಾಗಿ ನೆನಪಿಸಿಕೊಳ್ಳಲು ಆಗದು.

ಮೊಣಕಾಲಿನ ತನಕ ಬರುವ ಬಿಗಿ ಸಾಕ್ಸ್‌ಗಳಿಂದ ಹೆಚ್ಚು ಲಾಭವಿಲ್ಲ. ತೊಡೆಯವರೆಗಿನದ್ದು ಅಥವಾ ಬಾಣಂತಿಯರು ಕಟ್ಟುವಂಥ ಹೊಟ್ಟೆಪಟ್ಟಿ ವಾಸಿ, ಏಕೆಂದರೆ ರಕ್ತ ಹೆಚ್ಚು ನಿಲ್ಲುವುದು ಹೊಟ್ಟೆಯಲ್ಲಿ. ಗೋಡೆಗೆ ಒರಗಿ ದಿನವೂ ಅರ್ಧ ಗಂಟೆ ನಿಲ್ಲುವ ಅಭ್ಯಾಸವನ್ನೂ ಕೆಲವರು ಹೇಳುತ್ತಾರೆ. ಹೆಚ್ಚಿನವರು ಅದನ್ನು ತಿಂಗಳೊಳಗೆ ಬಿಟ್ಟುಬಿಡುತ್ತಾರೆ, ಪರೀಕ್ಷೆಗಳಲ್ಲೂ ಫಲ ಖಚಿತವಾಗಿಲ್ಲ.

ಮಾತ್ರೆ ಇದೆ. ನಿಮ್ಮಂತೆ ಪದೇ ಪದೇ ಬೀಳುವವರಿಗೆ, ಬಿಪಿ ಕಡಿಮೆ ಇರುವವರಿಗೆ, ಮೇಲೆ ಹೇಳಿದ್ದನ್ನು ಮೂರು ತಿಂಗಳು ಮಾಡಿಯೂ ನಿಲ್ಲದಿದ್ದರೆ. ಮಿಡೊಡ್ರಿನ್ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. 2.5 ಅಥವಾ 5 ಮಿ.ಗ್ರಾಂನಿಂದ ಶುರು ಮಾಡಿ 10ರವರೆಗೆ, ದಿನಕ್ಕೆ ಮೂರು ಸಲ, ನಾಲ್ಕು ಗಂಟೆಯ ಅಂತರ. ಬೆಳಿಗ್ಗೆ ಎದ್ದ ಕೂಡಲೇ, ಮಧ್ಯಾಹ್ನ, ಸಂಜೆ ನಾಲ್ಕಕ್ಕೆ. ರಾತ್ರಿ ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡು ನಾಲ್ಕು ಗಂಟೆಯೊಳಗೆ ಮಲಗಿದರೆ ಬಿಪಿ ವಿಪರೀತ ಏರುತ್ತದೆ. ನೆತ್ತಿಯಲ್ಲಿ ಜುಮ್ಮೆನ್ನುವುದು, ರೋಮಾಂಚನ ಸಾಮಾನ್ಯ, ಹೆದರಬೇಕಿಲ್ಲ. ಮೂತ್ರ ಕಟ್ಟುವ ತೊಂದರೆ ಇರುವವರಿಗೆ ಕೊಡುವುದಿಲ್ಲ. 2021ರಲ್ಲಿ ಪ್ರಕಟವಾದ, 133 ಜನರ ಮೇಲಿನ ಪರೀಕ್ಷೆಯಲ್ಲಿ ಹುಸಿಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ 61, ಮಿಡೊಡ್ರಿನ್ ತೆಗೆದುಕೊಂಡವರಲ್ಲಿ 42 ಮಂದಿ ವರ್ಷದೊಳಗೆ ಮತ್ತೆ ಬಿದ್ದರು. ಲಾಭ ಇದೆ, ಪೂರ್ತಿ ಪರಿಹಾರವಲ್ಲ. ಇನ್ನೊಂದು ಫ್ಲೂಡ್ರೊಕಾರ್ಟಿಸೋನ್, 0.1ರಿಂದ 0.2 ಮಿ.ಗ್ರಾಂ. ದೇಹದಲ್ಲಿ ಉಪ್ಪು ನೀರು ಹಿಡಿದಿಡುತ್ತದೆ, ಜೊತೆಗೆ ಪೊಟ್ಯಾಸಿಯಂ ಇಳಿಸುತ್ತದೆ, ಆದ್ದರಿಂದ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು. ಇವೆರಡೂ ವೈದ್ಯರ ಚೀಟಿಯ ಮೇಲೆಯೇ. ಗರ್ಭಿಣಿಯಾಗುವ ಯೋಚನೆ ಇದ್ದರೆ ಮೊದಲೇ ಹೇಳಿ. ಹಿಂದೆ ಬಹಳ ಬರೆಯುತ್ತಿದ್ದ, ನಾಡಿ ನಿಧಾನ ಮಾಡುವ ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್‌ಗಳಿಂದ ಬವಳಿಗೆ ಪ್ರಯೋಜನವಿಲ್ಲ ಅಂತ ಈಗ ಸ್ಪಷ್ಟವಾಗಿದೆ. ಯುರೋಪಿನ ಹೃದ್ರೋಗ ತಜ್ಞರ 2018ರ ಮಾರ್ಗಸೂಚಿ ಅದನ್ನು ಬೇಡವೆಂದೇ ಹೇಳುತ್ತದೆ.

ಕಡೆಗೊಂದು ಮಾತು, ನಿಮ್ಮ ಮಾಲೀಕರಿಗೆ. ಪಕ್ಕದ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸಗಾರರಿಗೆ ಕೂರಲು ಆಸನ ಕೊಡಲೇಬೇಕು ಅಂತ ಕಾನೂನು ಮಾಡಿವೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೂರಲು ಒಂದು ಸ್ಟೂಲ್ ಕೇಳಿ. ಈ ಉತ್ತರವನ್ನೇ ತೋರಿಸಿ. ನಿಮಗೆ ಬರೆದುಕೊಡಬಹುದಾದ ಔಷಧಗಳಲ್ಲಿ ಅದೂ ಒಂದು.

ಪ್ರಶ್ನೆ: ತಂದೆಗೆ 69 ವರ್ಷ. ರಾತ್ರಿ ಮೂತ್ರಕ್ಕೆ ಹೋದವರು ಬಚ್ಚಲಲ್ಲಿ ಬಿದ್ದಿದ್ದರು, ಇದು ಎರಡನೇ ಸಲ. ಬಿಪಿ ಮಾತ್ರೆ ಮತ್ತು ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ತಗೊಳ್ಳುತ್ತಾರೆ. ಏನು ಮಾಡಬೇಕು?
— ಓದುಗರು, ಮೈಸೂರು

ಉತ್ತರ: ಬೆಚ್ಚಗಿನ ಹಾಸಿಗೆಯಲ್ಲಿ ರಕ್ತನಾಳಗಳು ಸಡಿಲವಾಗಿರುತ್ತವೆ. ತಟ್ಟನೆ ಎದ್ದು ನಿಂತಾಗ ಬಿಪಿ ಒಂದು ಮೆಟ್ಟಿಲು ಇಳಿಯುತ್ತದೆ. ತುಂಬಿದ ಮೂತ್ರಕೋಶ ಖಾಲಿಯಾಗುವಾಗ ಇನ್ನೊಂದು ಮೆಟ್ಟಿಲು. ಮುಕ್ಕಿದರೆ ಮತ್ತೊಂದು. ಟ್ಯಾಮ್ಸುಲೋಸಿನ್ ಪ್ರಾಸ್ಟೇಟನ್ನು ಸಡಿಲಿಸುವ ಜೊತೆಗೆ ರಕ್ತನಾಳಗಳನ್ನೂ ಸ್ವಲ್ಪ ಸಡಿಲಿಸುತ್ತದೆ. ಸಂಜೆ ಮದ್ಯ ತೆಗೆದುಕೊಳ್ಳುವವರಾದರೆ ಅದೂ ಸೇರುತ್ತದೆ.

ಇವತ್ತಿನಿಂದಲೇ ಅವರು ಕಮೋಡ್ ಮೇಲೆ ಕೂತೇ ಮೂತ್ರ ಮಾಡಲಿ. ಗಂಡಸರು ಇದಕ್ಕೆ ಒಪ್ಪುವುದು ಕಷ್ಟ, ಆದರೆ ಸೊಂಟದ ಮೂಳೆ ಮುರಿಯುವುದು ತಪ್ಪುತ್ತದೆ. ಏಳುವ ಮೊದಲು ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂತು ಪಾದಗಳನ್ನು ಮೇಲೆ ಕೆಳಗೆ ಇಪ್ಪತ್ತು ಸಲ ಆಡಿಸಲಿ. ಬಚ್ಚಲಿಗೆ ಒಳಗಿನಿಂದ ಚಿಲಕ ಬೇಡ. ದಾರಿಯಲ್ಲಿ ರಾತ್ರಿ ದೀಪ ಇರಲಿ. ದೂರವಾದರೆ ಮಂಚದ ಪಕ್ಕದಲ್ಲೇ ಯೂರಿನ್ ಬಾಟಲ್ ಇಡಿ. ಒಂದು ವಾರ ಬೆಳಿಗ್ಗೆ ಮಲಗಿರುವಾಗ, ನಿಂತು 1 ನಿಮಿಷಕ್ಕೆ ಮತ್ತು 3 ನಿಮಿಷಕ್ಕೆ ಬಿಪಿ ಬರೆದಿಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ನಿಂತಾಗ ಬಿಪಿ ಕುಸಿಯುತ್ತಿದೆ ಅಂತ ಅರ್ಥ. ಆ ಚೀಟಿಯೊಂದಿಗೆ ವೈದ್ಯರನ್ನು ಕಂಡರೆ ಮಾತ್ರೆಯ ಪ್ರಮಾಣವನ್ನೋ ಹೊತ್ತನ್ನೋ ಬದಲಿಸುತ್ತಾರೆ. ನೀವೇ ನಿಲ್ಲಿಸಬೇಡಿ.

ಆದರೆ 69ರಲ್ಲಿ ಬಿದ್ದದ್ದನ್ನೆಲ್ಲ ನರದ ಲೆಕ್ಕಕ್ಕೆ ಬರೆಯುವಂತಿಲ್ಲ. ಇಸಿಜಿ, ಎಕೊ, 24 ಗಂಟೆ ಹೃದಯದ ಲಯ ದಾಖಲಿಸುವ ಹೋಲ್ಟರ್ ಬೇಕಾಗಬಹುದು. ಶರ್ಟಿನ ಕಾಲರ್ ಬಿಗಿಯಾದಾಗ, ಕ್ಷೌರ ಮಾಡಿಕೊಳ್ಳುವಾಗ, ಹಿಂದಕ್ಕೆ ಕತ್ತು ತಿರುಗಿಸಿದಾಗ ತಲೆ ಸುತ್ತುತ್ತದೆಯೇ ಅಂತಲೂ ಕೇಳಿ. ಕತ್ತಿನ ಒತ್ತಡ ಅಳೆಯುವ ನರತುದಿ ಅತಿ ಸೂಕ್ಷ್ಮವಾಗಿದ್ದರೆ ಹಾಗಾಗುತ್ತದೆ. ಆಸ್ಪತ್ರೆಯಲ್ಲಿ ಇಸಿಜಿ ಹಾಕಿಕೊಂಡೇ ಅಲ್ಲಿ ಒತ್ತಿ ನೋಡುತ್ತಾರೆ. ಮನೆಯಲ್ಲಿ ಯಾರೂ ಒತ್ತಿ ನೋಡಬಾರದು, ಪಾರ್ಶ್ವವಾಯು ಆಗುವ ಅಪಾಯವಿದೆ.

ಪ್ರಶ್ನೆ: ಟಿಲ್ಟ್ ಟೆಸ್ಟ್‌ನಲ್ಲಿ ನನ್ನ ಹೃದಯ 9 ಸೆಕೆಂಡ್ ನಿಂತಿತು ಅಂತ ರಿಪೋರ್ಟ್. ವಯಸ್ಸು 26. ಪೇಸ್‌ಮೇಕರ್ ಹಾಕಿಸಬೇಕೇ? ರಾತ್ರಿ ನಿದ್ದೆ ಬರುತ್ತಿಲ್ಲ.
— ಓದುಗರು, ಬೆಂಗಳೂರು

ಉತ್ತರ: ಆ ಸಾಲನ್ನು ಓದಿದರೆ ಯಾರಿಗಾದರೂ ನಿದ್ದೆ ಹೋಗುತ್ತದೆ. ಆದರೆ ನಿಮ್ಮ ಹೃದಯ ಕೆಟ್ಟು ನಿಂತದ್ದಲ್ಲ, ವೇಗಸ್ ನರ ತಡೆದದ್ದರಿಂದ ನಿಂತದ್ದು. ಮಲಗಿಸಿದ ಕೂಡಲೇ ಮತ್ತೆ ಹೊಡೆದುಕೊಂಡಿದೆ. ಟಿಲ್ಟ್ ಟೆಸ್ಟ್ ಇರುವುದೇ ಬವಳಿ ಬರಿಸಲು. ಮಂಚವನ್ನು 60ರಿಂದ 70 ಡಿಗ್ರಿ ಎತ್ತಿ ಇಪ್ಪತ್ತು ನಿಮಿಷ ಅಥವಾ ಇನ್ನೂ ಹೆಚ್ಚು ಹೊತ್ತು ನಿಲ್ಲಿಸಿ, ಬರದಿದ್ದರೆ ನಾಲಿಗೆ ಕೆಳಗೆ ರಕ್ತನಾಳ ಸಡಿಲಿಸುವ ನೈಟ್ರೊಗ್ಲಿಸರಿನ್ ಕೊಡುತ್ತಾರೆ.

ನಿಮ್ಮ ವಯಸ್ಸಿನಲ್ಲಿ ಪೇಸ್‌ಮೇಕರ್ ಸಾಮಾನ್ಯವಾಗಿ ಬೇಡ. ಕಾರಣ ಹಳೆಯದು. ಬವಳಿ ಬಂದವರಿಗೆ ಅಟ್ರೊಪಿನ್ ಕೊಟ್ಟು ನಾಡಿ ಜೋರು ಮಾಡಿದರೂ ಬಿಪಿ ಏರಲಿಲ್ಲ, ಬಿಳಿಚಿದ ಮುಖ ಹಾಗೇ ಇತ್ತು ಅಂತ ಲಂಡನ್ನಿನ ವೈದ್ಯ ಸರ್ ಥಾಮಸ್ ಲೂಯಿಸ್ 1932ರಲ್ಲೇ ಬರೆದರು. ವೇಸೊವೇಗಲ್ ಸಿಂಕೊಪಿ ಅನ್ನುವ ಹೆಸರು ಬಂದದ್ದೂ ಆ ಬರಹದಿಂದ. ಪೇಸ್‌ಮೇಕರ್ ನಾಡಿಯನ್ನು ಕಾಯುತ್ತದೆ, ಸಡಿಲಗೊಂಡ ರಕ್ತನಾಳಗಳನ್ನು ಬಿಗಿ ಮಾಡದು. 40 ದಾಟಿ, ಸುಳಿವೇ ಇಲ್ಲದೆ ಮತ್ತೆ ಮತ್ತೆ ಬಿದ್ದು ಏಟು ಮಾಡಿಕೊಳ್ಳುವವರಲ್ಲಿ ಹೃದಯ ನಿಲ್ಲುವುದು ದಾಖಲಾಗಿದ್ದರೆ ಮಾತು ಬೇರೆ. ಅಂಥ 127 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಪೇಸ್‌ಮೇಕರ್ ಚಾಲೂ ಇದ್ದವರಲ್ಲಿ ನೂರಕ್ಕೆ 16, ಬಂದ್ ಇಟ್ಟವರಲ್ಲಿ 53 ಮಂದಿ ಮತ್ತೆ ಬಿದ್ದರು. ನೀವು ಈಗ ಹಾಕಿಸಿದರೆ ಬದುಕಿಡೀ ಬ್ಯಾಟರಿ ಬದಲಿಸುತ್ತಾ, ತಂತಿಯ ಸೋಂಕಿಗೆ ಹೆದರುತ್ತಾ ಇರಬೇಕಾಗುತ್ತದೆ. ವೇಗಸ್ ನರದ ತುದಿಗಳನ್ನು ಹೃದಯದೊಳಗೆ ಸುಡುವ ಕಾರ್ಡಿಯೊನ್ಯೂರೊ ಅಬ್ಲೇಷನ್ ಅನ್ನುವ ಹೊಸ ವಿಧಾನವನ್ನು ಯಾರಾದರೂ ಹೇಳಿದರೆ, ಅವಸರ ಮಾಡಬೇಡಿ. ಆರಂಭದ ಫಲ ಚೆನ್ನಾಗಿದೆ, ಹತ್ತಿಪ್ಪತ್ತು ವರ್ಷದ ನಂತರದ ಅನುಭವ ಇನ್ನೂ ಕೈಯಲ್ಲಿಲ್ಲ. ನೀರು, ಕಾಲು ಬಿಗಿಯುವುದು, ಸುಳಿವು ಕಂಡಾಗ ಮಲಗುವುದು, ಇವನ್ನು ಆರು ತಿಂಗಳು ಶ್ರದ್ಧೆಯಿಂದ ಮಾಡಿ.

ಸುಳಿವು ಸಿಗದೆ ಬೀಳುತ್ತಿದ್ದರೆ ಮಾತ್ರ, ಹತೋಟಿಗೆ ಬರುವ ತನಕ ಬೈಕ್ ಓಡಿಸಬೇಡಿ, ಒಬ್ಬರೇ ಈಜಬೇಡಿ. ಅಡಿಕೆ, ತೆಂಗಿನ ಮರ ಹತ್ತುವ ಓದುಗರಿಗೂ ಇದೇ ಮಾತು.

ಪ್ರಶ್ನೆ: ಎಣ್ಣೆಸ್ನಾನದ ದಿನ ನನಗೆ, ಮೊನ್ನೆ ತಂಗಿಗೂ ಬಚ್ಚಲಲ್ಲಿ ತಲೆಸುತ್ತಿ ಕುಸಿಯುವಂತಾಯಿತು. ಬಿಸಿನೀರಿನಿಂದಲೇ? ಮನೆಯಲ್ಲಿ ಗ್ಯಾಸ್ ಗೀಸರ್ ಇದೆ.
— ಓದುಗರು, ತುಮಕೂರು

ಉತ್ತರ: ತುಂಬಾ ಬಿಸಿಯಾದ ನೀರು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬವಳಿ ತರುತ್ತದೆ, ನಿಜ. ಅದಕ್ಕೆ ಮಣೆಯ ಮೇಲೆ ಕೂತು ಉಗುರುಬೆಚ್ಚಗಿನ ನೀರು ಹಾಕಿಕೊಂಡರೆ ಸಾಕು. ಆದರೆ ಒಂದೇ ಬಚ್ಚಲಲ್ಲಿ ಇಬ್ಬರಿಗೆ ಹೀಗಾಗಿದೆ, ಗ್ಯಾಸ್ ಗೀಸರ್ ಇದೆ ಅಂದಾಗ ಮೊದಲು ಶಂಕಿಸಬೇಕಾದದ್ದು ನರವನ್ನಲ್ಲ, ಕಾರ್ಬನ್ ಮೊನಾಕ್ಸೈಡನ್ನು. ಗಾಳಿಯಾಡದ ಕೋಣೆಯಲ್ಲಿ ಗೀಸರ್ ಉರಿದರೆ ಈ ವಿಷಾನಿಲ ತುಂಬುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಕಾಲಿನ ಶಕ್ತಿ ಉಡುಗುವುದು, ಆಮೇಲೆ ಎಚ್ಚರ ತಪ್ಪುವುದು. ಇದರಲ್ಲಿ ಮಲಗಿದರೆ ಸರಿಹೋಗುವುದಿಲ್ಲ, ಅಲ್ಲೇ ಮಲಗಿದವರು ಸಾಯುತ್ತಾರೆ. ಯಾರಾದರೂ ಬಿದ್ದರೆ ಬಾಗಿಲು ಕಿಟಕಿ ತೆಗೆದು, ಉಸಿರು ಹಿಡಿದು ಹೊರಗೆಳೆದು ತನ್ನಿ, ಗ್ಯಾಸ್ ಆರಿಸಿ, 108ಕ್ಕೆ ಫೋನ್ ಮಾಡಿ, ಆಸ್ಪತ್ರೆಯಲ್ಲಿ ಗೀಸರ್ ವಿಷಯವನ್ನು ಮರೆಯದೆ ಹೇಳಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದರಲ್ಲಿ 98, 99 ಅಂತ ಸುಳ್ಳು ತೋರಿಸುತ್ತದೆ, ನಂಬಬೇಡಿ. ಈ ಪತ್ರಿಕೆ ಕೈಗೆ ಸಿಕ್ಕ ದಿನವೇ ಗೀಸರ್ ಬಂದ್ ಮಾಡಿ. ಅದನ್ನು ಬಚ್ಚಲಿನ ಹೊರಗೆ, ಬಯಲು ಗಾಳಿ ಇರುವ ಕಡೆ ಕೂರಿಸಿ ಪೈಪಿನಲ್ಲಿ ನೀರು ತರಿಸಿಕೊಳ್ಳುವ ತನಕ ಒಲೆಯ ಮೇಲೆ ಕಾಯಿಸಿದ ನೀರೇ ಇರಲಿ.